ಹತ್ತು ಅಡಿಯ ಹಾಲ್, ಮೂರು ತಲೆಮಾರಿನ ವಸ್ತುಗಳು

ಪ್ರಶ್ನೆ: ದಾವಣಗೆರೆಯ ವಿನೋಬನಗರದಲ್ಲಿ ನಮ್ಮ ಮನೆ. ಹಾಲ್ 10 ಅಡಿ ಅಗಲ, 13 ಅಡಿ ಉದ್ದ ಇದೆ. ತಂದೆಯವರು ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಗಿರಣಿ ನಿಂತ ಮೇಲೆ ಅವರು ಮನೆಗೆ ತಂದ, ನೂಲು ಸುತ್ತುವ 20 ಮರದ ಬಾಬಿನ್‌ಗಳು, ಮಗ್ಗದ ಒಂದು ಲಾಳಿ, ಅಜ್ಜಿಯ ಹಿತ್ತಾಳೆಯ ಸೇರು, ಪಾವು, ಚಟಾಕುಗಳು, ಚಳ್ಳಕೆರೆಯ ಒಂದು ಕರಿ ಕಂಬಳಿ, ಹಳೆಯ ಫೋಟೊಗಳು, ನಾನು ಜಾತ್ರೆಗಳಲ್ಲಿ ಕೊಂಡ ಗೊಂಬೆಗಳು, ಅಜ್ಜನಿಗೆ ಹೊಲ ಉಳುವಾಗ ಸಿಕ್ಕವೆಂದು ಹೇಳುವ ಮೂರು ತಾಮ್ರದ ನಾಣ್ಯಗಳು ಎಲ್ಲವೂ ಈ ಹಾಲ್‌ನಲ್ಲೇ ಇವೆ. ಬೆಂಗಳೂರಿನಿಂದ ಊರಿಗೆ ಮರಳಿರುವ ಮಗ ಮತ್ತು ಸೊಸೆ, ಇವೆಲ್ಲವನ್ನೂ ಅಟ್ಟಕ್ಕೆ ಹಾಕಿ, ಗೋಡೆಗೆ ಬಿಳಿ ಬಣ್ಣ ಬಳಿದು, ವಸ್ತುಗಳನ್ನು ಆದಷ್ಟು ಕಡಿಮೆ ಇಡುವ ಮಿನಿಮಲಿಸಂ ರೀತಿಯಲ್ಲಿ ಹಾಲ್ ಮಾಡೋಣ ಎನ್ನುತ್ತಾರೆ. ಹಾಲ್ ಇಕ್ಕಟ್ಟಾಗಿದೆ ಎಂಬ ಅವರ ಮಾತು ಸುಳ್ಳಲ್ಲ. ಆದರೆ ತಂದೆಯ ಬಾಬಿನ್‌ಗಳನ್ನು ಚೀಲಕ್ಕೆ ತುಂಬಲು ನನಗೆ ಕೈ ಬರುತ್ತಿಲ್ಲ. ಏನು ಮಾಡಲಿ? ಹಾಲ್‌ನ ಕೈನಕ್ಷೆಯನ್ನು ಅಳತೆ ಸಮೇತ ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ ನಾನು ಪೆನ್ಸಿಲ್ ಹಿಡಿದು ಲೆಕ್ಕಕ್ಕೆ ಕುಳಿತೆ. ನಿಮ್ಮ ಹಾಲ್‌ನ ನೆಲ 130 ಚದರ ಅಡಿ. ನೀವು ಕಳಿಸಿದ ನಕ್ಷೆಯ ಪ್ರಕಾರ ಮೂರು ಜನ ಕೂರುವ ಸೋಫಾ 18 ಚದರ ಅಡಿ, ಒಬ್ಬೊಬ್ಬರು ಕೂರುವ ಎರಡು ಸೋಫಾಗಳು 15, ದಿವಾನ್ 15, ಟೀಪಾಯಿ 7, ಟಿವಿ ಸ್ಟ್ಯಾಂಡ್ ಏಳೂವರೆ, ಗಾಜಿನ ಶೋಕೇಸ್ 6 ಚದರ ಅಡಿ ನೆಲ ಹಿಡಿದಿವೆ. ಒಟ್ಟು ಅರವತ್ತೆಂಟೂವರೆ ಚದರ ಅಡಿ, ಅಂದರೆ ಹಾಲ್‌ನ ಅರ್ಧಕ್ಕಿಂತ ಹೆಚ್ಚು ನೆಲವನ್ನು ಪೀಠೋಪಕರಣಗಳೇ ನುಂಗಿವೆ. ಇನ್ನು ನಿಮ್ಮ ತಂದೆಯವರ ಬಾಬಿನ್‌ಗಳ ಲೆಕ್ಕ ನೋಡಿ. ಒಂದೊಂದು 8 ಅಂಗುಲ ಉದ್ದ, ಒಂದೂಕಾಲು ಅಂಗುಲ ದಪ್ಪ ಎಂದು ಬರೆದಿದ್ದೀರಿ. ಇಪ್ಪತ್ತನ್ನೂ ಒತ್ತೊತ್ತಾಗಿ ಮಲಗಿಸಿದರೆ ಅವು ಹಿಡಿಯುವ ಜಾಗ 25 ಅಂಗುಲಕ್ಕೆ 8 ಅಂಗುಲ, ಒಂದೂವರೆ ಚದರ ಅಡಿಗೂ ಕಡಿಮೆ. ನಿಮ್ಮ ಟೀಪಾಯಿಯ ಕಾಲುಭಾಗದಲ್ಲಿ ಒಂದು ಗಿರಣಿಯ ನೆನಪು ಪೂರ್ತಿ ಹಿಡಿಸುತ್ತದೆ.

ಆದ್ದರಿಂದ ಹಾಲ್ ಇಕ್ಕಟ್ಟಾಗಿದೆ ಎಂದು ಮಗ ಮತ್ತು ಸೊಸೆ ಹೇಳುವುದು ಸರಿ, ಅದಕ್ಕೆ ನಿಮ್ಮ ಸಂಗ್ರಹವೇ ಕಾರಣ ಎನ್ನುವುದು ತಪ್ಪು. ಸಣ್ಣ ಹಾಲ್‌ಗಳಲ್ಲಿ ನಾನು ಪದೇ ಪದೇ ಕಾಣುವುದು ಇದನ್ನೇ: ಮದುವೆಯಲ್ಲೋ ಗೃಹಪ್ರವೇಶದಲ್ಲೋ ಬಂದ ಸೋಫಾ ಸೆಟ್ ಯಾರ ಕಣ್ಣಿಗೂ ಹೆಚ್ಚುವರಿ ಸಾಮಾನಾಗಿ ಕಾಣುವುದಿಲ್ಲ, ಬೆರಳುದ್ದದ ಗೊಂಬೆ ಮಾತ್ರ ಕಾಣುತ್ತದೆ. ಇಕ್ಕಟ್ಟು ಎಂಬ ಅನುಭವ ಹುಟ್ಟುವುದು ಮೊದಲು ಕಾಲಿಗೆ, ಆಮೇಲೆ ಕಣ್ಣಿಗೆ. ಮುಂಬಾಗಿಲಿನಿಂದ ಅಡುಗೆಮನೆಗೆ ಹೋಗುವ ದಾರಿ 3 ಅಡಿ ಬಿಡುವಾಗಿರಬೇಕು. ನಿಮ್ಮಲ್ಲಿ ದಿವಾನ್ ಅದನ್ನು ಒಂದೂವರೆ ಅಡಿಗೆ ಇಳಿಸಿದೆ. ದಿವಾನ್ ಮತ್ತು ಎರಡು ಒಂಟಿ ಸೋಫಾಗಳನ್ನು ಹಾಲ್‌ನಿಂದ ಹೊರಗೆ ತಂದರೆ 30 ಚದರ ಅಡಿ ನೆಲ ಮರಳಿ ಬರುತ್ತದೆ. ಅದಕ್ಕೆ ಬದಲಾಗಿ ಗೋಡೆಗೆ ಒರಗಿಸಿಡಬಹುದಾದ ಎರಡು ಮಡಚುವ ಕುರ್ಚಿಗಳು ಮತ್ತು ಒಂದು ಒಳ್ಳೆಯ ಚಾಪೆ ಸಾಕು. ದುಗ್ಗಮ್ಮನ ಜಾತ್ರೆಗೆ ನೆಂಟರು ಮನೆ ತುಂಬಿಕೊಳ್ಳುವ ರಾತ್ರಿಯನ್ನು ನೆನೆಸಿಕೊಳ್ಳಿ. ಒಂದು ಚಾಪೆಗೆ 3 ಅಡಿಗೆ 6 ಅಡಿ ಬೇಕು. ಈಗ ನಿಮ್ಮ ಹಾಲ್‌ನಲ್ಲಿ ಒಂದು ಚಾಪೆ ಹಾಸುವುದೇ ಕಷ್ಟ. ಆಮೇಲೆ ಟೀಪಾಯಿಯನ್ನು ಬದಿಗೆ ಸರಿಸಿದರೆ ಮೂರು ಹಾಸಬಹುದು. ನಮ್ಮ ಊರಿನ ಹಾಲ್‌ಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಇನ್ನು ಮಿನಿಮಲಿಸಂ ವಿಚಾರ. ಈ ಪದ ಬಳಸುವವರನ್ನು ನಾನು ತಳ್ಳಿಹಾಕುವುದಿಲ್ಲ, ಏಕೆಂದರೆ ಖಾಲಿ ಜಾಗವನ್ನು ಗೌರವಿಸುವುದು ದೊಡ್ಡ ವಿದ್ಯೆ. ಆದರೆ ಅದರ ಬೆಲೆ ಏನೆಂದು ಯಾರೂ ಬಿಡಿಸಿ ಹೇಳುವುದಿಲ್ಲ. 1929ರಲ್ಲಿ ಮೀಸ್ ವಾನ್ ಡೆರ್ ರೋ ಎಂಬ ವಾಸ್ತುಶಿಲ್ಪಿ ಸ್ಪೇನಿನ ಬಾರ್ಸಿಲೋನಾದಲ್ಲಿ ಜರ್ಮನಿಯ ಪ್ರದರ್ಶನ ಮಂಟಪವೊಂದನ್ನು ಕಟ್ಟಿದರು. ಆ ಮಂಟಪದಲ್ಲಿ ಕೆಲವು ಆಸನಗಳು ಮತ್ತು ಒಂದು ಪ್ರತಿಮೆ ಬಿಟ್ಟರೆ ಹೆಚ್ಚೇನೂ ಇರಲಿಲ್ಲ, ಹಾಗಿದ್ದೂ ಅದು ಬೋಳಾಗಿ ಕಾಣಲಿಲ್ಲ, ಏಕೆಂದರೆ ಅಲ್ಲಿನ ಗೋಡೆಗಳೇ ಹೊಂಬಣ್ಣದ ಓನಿಕ್ಸ್ ಶಿಲೆ ಮತ್ತು ಹಸಿರು ಅಮೃತಶಿಲೆಯ ಹೊಳಪಿನ ಹಲಗೆಗಳಾಗಿದ್ದವು. ಅಲ್ಲಿ ಯಾರೂ ಸಂಸಾರ ಮಾಡಬೇಕಿರಲಿಲ್ಲ ಎಂಬುದನ್ನೂ ಮರೆಯಬಾರದು. ನಮ್ಮ ಗೋಡೆಗಳಿಗೆ ಬಳಿದಿರುವುದು ಡಿಸ್ಟೆಂಪರ್. ಅದನ್ನು ಬರಿದು ಮಾಡಿದ ಮರುದಿನವೇ ವೈರಿನ ಪಟ್ಟಿ, ಸ್ವಿಚ್ ಬೋರ್ಡಿನ ಸುತ್ತಲಿನ ಕೈಕೊಳೆ, ಪ್ಲಾಸ್ಟರಿನ ಉಬ್ಬುತಗ್ಗು, ಮಳೆಗಾಲದ ತೇವದ ಕಲೆ ಒಂದೊಂದಾಗಿ ಎದ್ದು ಕಾಣತೊಡಗುತ್ತವೆ. ಚಿತ್ರಗಳಲ್ಲಿ ನೋಡುವ ಖಾಲಿ ಹಾಲ್‌ಗಳ ಹಿಂದೆ ನೆಲದಿಂದ ಸೂರಿನವರೆಗೆ ಬಾಗಿಲು ಮುಚ್ಚಿದ ಬೀರುಗಳಿರುತ್ತವೆ. ಅಷ್ಟು ಬೀರು ಇಲ್ಲದ ಮನೆಯಲ್ಲಿ ಹಾಲ್ ಖಾಲಿ ಮಾಡಿದರೆ ಮಲಗುವ ಕೋಣೆ ಉಗ್ರಾಣವಾಗುತ್ತದೆ.

ಈ ಖಾಲಿತನ ಬೆಂಗಳೂರಿನಿಂದಲೋ ಜಪಾನಿನಿಂದಲೋ ಬರಬೇಕಾದದ್ದು ಎಂದೂ ನನಗೆ ಅನಿಸುವುದಿಲ್ಲ. ಚಿತ್ರದುರ್ಗದ ದೊಡ್ಡಪೇಟೆ, ಚಿಕ್ಕಪೇಟೆಗಳ ಹಳೆಯ ಮನೆಗಳ ಪಡಸಾಲೆಯನ್ನು ನೆನೆಸಿಕೊಳ್ಳಿ. ಮೂಲೆಯಲ್ಲಿ ಸುತ್ತಿಟ್ಟ ಚಾಪೆ, ಗೂಟಕ್ಕೆ ನೇತುಹಾಕಿದ ಕಂಬಳಿ, ಬಹಳವೆಂದರೆ ಒಂದು ಮರದ ಸಂದೂಕ. ಉಳಿದಂತೆ ನೆಲವೆಲ್ಲ ಬಿಡುವು. ಆ ಮನೆಯವರಿಗೆ ವಸ್ತುಗಳು ಕಡಿಮೆ ಇದ್ದವೆಂದು ಇದರ ಅರ್ಥವಲ್ಲ. ಕಲ್ಲುಮಣ್ಣಿನ ಆ ಗೋಡೆಗಳು ಒಂದೂವರೆ ಎರಡು ಅಡಿ ದಪ್ಪವಿದ್ದುದರಿಂದ ದೀಪದ ಗೂಡು, ಪುಸ್ತಕದ ಗೂಡು, ಎಲೆಅಡಿಕೆಯ ಗೂಡು ಎಲ್ಲವೂ ಗೋಡೆಯ ಹೊಟ್ಟೆಯೊಳಗೇ ಇದ್ದವು, ವರ್ಷಕ್ಕೊಮ್ಮೆ ಬೇಕಾಗುವ ಹಂಡೆ ಕೊಪ್ಪರಿಗೆಗಳು ಅಟ್ಟದಲ್ಲಿದ್ದವು. ಇಂದಿನ ನಮ್ಮ ಗೋಡೆ ಹೊರಗಡೆ 9 ಅಂಗುಲ, ಒಳಗಡೆ ನಾಲ್ಕೂವರೆ ಅಂಗುಲ. ಗೂಡು ಹೋಯಿತು, ಅದರಲ್ಲಿದ್ದ ವಸ್ತುಗಳು ನೆಲಕ್ಕೆ ಇಳಿದವು, ಅವುಗಳನ್ನು ಎತ್ತಿಡಲು ಒಂದೂವರೆ ಅಡಿ ಆಳದ ಶೋಕೇಸ್ ಬಂತು. ನಿಮ್ಮ ಶೋಕೇಸಿನಲ್ಲಿ ಹಿಂದಿನ ಸಾಲಿನ ಗೊಂಬೆಯನ್ನು ಕೊನೆಯ ಬಾರಿ ಯಾವಾಗ ನೋಡಿದಿರಿ ಎಂದು ಯೋಚಿಸಿ. ಮೂರು ಸಾಲು ನಿಲ್ಲಿಸುವಷ್ಟು ಆಳವಿರುವುದೇ ಅದರ ದೋಷ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಮನೆಗಳ ಒಳಾಂಗಣ ಸಜ್ಜುಗೊಳಿಸುವ ಕೆಲಸ ಆರಂಭಿಸಿದ ಹೊಸತರಲ್ಲಿ ಚಿತ್ರದುರ್ಗದ ಜೋಗಿಮಟ್ಟಿ ರಸ್ತೆಯ ಕಡೆ ಒಂದು ಮನೆಯ ಹಾಲ್ ಒಪ್ಪಿಕೊಂಡಿದ್ದೆ. ಕಿಟಕಿ ತೆರೆದರೆ ಬಂಡೆಗಳ ಸಾಲು ಕಾಣುವ ಮನೆ ಅದು. ಆ ನೋಟವೊಂದೇ ಸಾಕು, ಒಳಗೆ ಏನೂ ಇರಬಾರದು ಎಂದು ತೀರ್ಮಾನಿಸಿ, ಇದ್ದದ್ದನ್ನೆಲ್ಲ ತೆಗೆಸಿ ಗೋಡೆಗಳನ್ನು ಬಿಳುಪಾಗಿಸಿದೆ. ತೆಗೆಸಿದವುಗಳಲ್ಲಿ ಒಂದು ಅಂಚು ಸೀಳಿದ ಹಿತ್ತಾಳೆ ತಟ್ಟೆ, ಒಂದು ಅಡಕೊತ್ತು, ಒಂದು ಗಿಡ್ಡ ಮಣೆ ಇದ್ದವು. ಅವು ಆ ಮನೆಯ ಹಿರಿಯ ಅಜ್ಜಿಯವು. ನಾಲ್ಕು ತಿಂಗಳ ನಂತರ ಹೋದಾಗ ಬರಿದಾಗಿದ್ದ ಗೋಡೆಯಲ್ಲಿ ಕ್ಯಾಲೆಂಡರ್, ಬೀಗದ ಕೈಗಳು, ಮಕ್ಕಳ ಶಾಲೆಯ ಚೀಲಗಳು ತೂಗುತ್ತಿದ್ದವು. ಅಜ್ಜಿ ಹಾಲ್‌ಗೆ ಬಂದು ಕೂರುವುದನ್ನೇ ಬಿಟ್ಟಿದ್ದರು. ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಸೀರೆಯ ಸೆರಗಿನಲ್ಲಿ ಅಡಿಕೆ ಕಟ್ಟಿಕೊಂಡು ಕುಳಿತಿದ್ದರು. ಅವರು ಒಂದು ಮಾತೂ ಆಡಲಿಲ್ಲ. ಮರುವಾರ ಅವರು ಮೊದಲು ಕೂರುತ್ತಿದ್ದ ಜಾಗದ ಪಕ್ಕದ ಗೋಡೆಯಲ್ಲಿ ನೆಲದಿಂದ ಒಂದು ಅಡಿ ಎತ್ತರಕ್ಕೆ ಎರಡು ಅಡಿ ಅಗಲದ ಗೂಡು ತೆಗೆಸಿ ತಟ್ಟೆಯನ್ನೂ ಅಡಕೊತ್ತನ್ನೂ ಅಲ್ಲಿಟ್ಟೆ. ಅಂದಿನಿಂದ ಯಾವ ಮನೆಗೆ ಹೋದರೂ ವಸ್ತು ತೆಗೆಯುವ ಮುನ್ನ ಅದರ ಪಕ್ಕದಲ್ಲಿ ಯಾರು ಕೂರುತ್ತಾರೆ ಎಂದು ಕೇಳುತ್ತೇನೆ.

ನಿಮಗೆ ನನ್ನ ಸಲಹೆ ಹೀಗಿದೆ: ನೆಲವನ್ನು ಮಗನಿಗೆ ಬಿಟ್ಟುಕೊಡಿ, ಒಂದು ಗೋಡೆಯನ್ನು ನೀವು ಪಡೆಯಿರಿ. ಮೂರು ಗೋಡೆಗಳು ಪೂರ್ತಿ ಬಿಡುವಾಗಿರಲಿ, ನಾಲ್ಕನೆಯ ಗೋಡೆ ತುಂಬಿರಲಿ. ನಾಲ್ಕೂ ಗೋಡೆಗೆ ಸಮನಾಗಿ ಹಂಚಿದರೆ ಕಣ್ಣಿಗೆ ನಿಲ್ಲಲು ನೆಲೆ ಸಿಗದೆ ಹಾಲ್ ಮತ್ತೂ ಸಣ್ಣದಾಗಿ ಕಾಣುತ್ತದೆ. ಲಂಡನ್ನಿನಲ್ಲಿ ಸರ್ ಜಾನ್ ಸೋನ್ ಎಂಬ ವಾಸ್ತುಶಿಲ್ಪಿಯ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಅವರು 1837ರಲ್ಲಿ ತೀರಿಕೊಂಡರು. ಅಲ್ಲಿನ ಚಿತ್ರಗಳ ಕೋಣೆ ಹೆಚ್ಚುಕಡಿಮೆ ನಿಮ್ಮ ಹಾಲ್‌ನಷ್ಟೇ ಇದೆ, ಆದರೂ ಅದರಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳಿವೆ. ಗೋಡೆಗಳನ್ನೇ ಕೀಲು ಹಾಕಿದ ಹಲಗೆಗಳನ್ನಾಗಿ ಮಾಡಿ, ಬಾಗಿಲಿನಂತೆ ತೆರೆದರೆ ಹಿಂದೆ ಇನ್ನೊಂದು ಪದರ ಚಿತ್ರಗಳು ಕಾಣುವಂತೆ ಅವರು ಕಟ್ಟಿದರು. ಜಪಾನಿನವರು ಇದೇ ಸಮಸ್ಯೆಗೆ ಬೇರೊಂದು ದಾರಿ ಹಿಡಿದರು. ಅಲ್ಲಿನ ಸಾಂಪ್ರದಾಯಿಕ ಮನೆಯಲ್ಲಿ ಟೋಕೊನೋಮಾ ಎಂಬ ಗೂಡಿನಂಥ ಜಾಗದಲ್ಲಿ ಒಂದು ಚಿತ್ರಸುರುಳಿ ಮತ್ತು ಒಂದು ಹೂವಿನ ಪಾತ್ರೆ ಮಾತ್ರ ಇರುತ್ತವೆ, ಉಳಿದ ಸುರುಳಿಗಳು ಪೆಟ್ಟಿಗೆಯಲ್ಲಿದ್ದು ಋತು ಬದಲಾದಂತೆ ಹೊರಗೆ ಬರುತ್ತವೆ. ಒಬ್ಬರು ಎಲ್ಲವನ್ನೂ ಇಟ್ಟರು, ಇನ್ನೊಬ್ಬರು ಒಂದನ್ನೇ ಇಟ್ಟರು. ಇಬ್ಬರ ಕೋಣೆಯಲ್ಲೂ ಕಾಣುವುದಕ್ಕೆ ಒಂದು ಸರದಿ ಇತ್ತು.

ಸರದಿ ನಮಗೆ ಹೊಸದಲ್ಲ. ದಸರೆಯ ಗೊಂಬೆಗಳು ಪೆಟ್ಟಿಗೆಯಿಂದ ಹೊರಬಂದು ಒಂಬತ್ತು ದಿನ ಮೆಟ್ಟಿಲ ಮೇಲೆ ಕುಳಿತು ಮತ್ತೆ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು ಒಳಗೆ ಹೋಗುತ್ತವೆ, ಮತ್ತು ವರ್ಷವೆಲ್ಲ ಮರೆಯಲ್ಲಿದ್ದುದರಿಂದಲೇ ಮಕ್ಕಳು ಅವುಗಳನ್ನು ಕಣ್ಣರಳಿಸಿ ನೋಡುತ್ತಾರೆ. ಮಣ್ಣೆತ್ತಿನ ಅಮಾವಾಸ್ಯೆಯ ಜೋಡಿ ಎತ್ತುಗಳೂ ಹಾಗೆಯೇ ಬಂದು ಹೋಗುತ್ತವೆ. ನಿಮ್ಮ ಸಂಗ್ರಹವನ್ನು ಯುಗಾದಿ, ಮಣ್ಣೆತ್ತಿನ ಅಮಾವಾಸ್ಯೆ, ದಸರಾ, ಸಂಕ್ರಾಂತಿ ಎಂದು ನಾಲ್ಕು ಸರದಿಗೆ ಹಂಚಿಕೊಳ್ಳಿ. ಬಾಬಿನ್‌ಗಳು ಮತ್ತು ಲಾಳಿ ವರ್ಷವಿಡೀ ಇರಲಿ. ಗೊಂಬೆ, ಅಳತೆಪಾತ್ರೆ, ಫೋಟೊಗಳು ಸರದಿಯಲ್ಲಿ ಬರಲಿ. ಹೊರಗಿರುವ ಭಾಗ ಮೂರನೆಯ ಒಂದರಷ್ಟಿದ್ದರೆ ಗೋಡೆಗೆ ಉಸಿರು ಇರುತ್ತದೆ. ಅಟ್ಟಕ್ಕೆ ಹೋಗುವುದೇ ಆದರೆ ಗೋಣಿಚೀಲದಲ್ಲಿ ಬೇಡ. ಬೇಸಿಗೆಯಲ್ಲಿ ಆರ್‌ಸಿಸಿ ಸೂರಿನ ಕೆಳಗಿನ ಅಟ್ಟ ಕಾದ ಹಂಚಿನಂತಿರುತ್ತದೆ. ಮರ ಸೀಳು ಬಿಡುತ್ತದೆ, ಫೋಟೊ ಸುರುಳಿಯಾಗುತ್ತದೆ. ಸೋಫಾ ಅಥವಾ ಮಂಚದ ಕೆಳಗಿನ ಮುಚ್ಚಳವಿರುವ ಪೆಟ್ಟಿಗೆ ಎಷ್ಟೋ ಮೇಲು.

ಗೋಡೆಯ ಕೆಲಸಕ್ಕೆ ಬರುತ್ತೇನೆ. ಮುಂಬಾಗಿಲಿನಿಂದ ಒಳಬಂದವರಿಗೆ ಎದುರಾಗುವ 10 ಅಡಿಯ ಗೋಡೆ ಇದಕ್ಕೆ ತಕ್ಕದ್ದು. ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುವ ಗೋಡೆ ಬೇಡ. ಹಲಗೆಗಳ ಆಳ 6 ಅಂಗುಲ ಮೀರಬಾರದು. ಸೇರಿನ ಬಾಯಿ ಅಷ್ಟರಲ್ಲಿ ಹಿಡಿಸುತ್ತದೆ, ಒಂದರ ಹಿಂದೆ ಒಂದು ಇಡುವ ಆಸೆ ಹುಟ್ಟುವುದಿಲ್ಲ. ಕೆಳಗಿನ ಹಲಗೆ ನೆಲದಿಂದ 3 ಅಡಿ ಮೇಲಿರಲಿ, ಹಾಗಾದರೆ ನೆಲದ ಗೆರೆ ಗೋಡೆಯವರೆಗೆ ತಡೆಯಿಲ್ಲದೆ ಕಂಡು ಹಾಲ್ ಅಷ್ಟರಮಟ್ಟಿಗೆ ದೊಡ್ಡದಾಗುತ್ತದೆ. ಚಿತ್ರಶಾಲೆಗಳಲ್ಲಿ ಚಿತ್ರದ ನಡುಭಾಗವನ್ನು ನೆಲದಿಂದ ಸುಮಾರು 57 ಅಂಗುಲಕ್ಕೆ ಬರುವಂತೆ ತೂಗುಹಾಕುತ್ತಾರೆ. ಅದು ನಿಂತು ನೋಡುವವರ ಲೆಕ್ಕ. ಮನೆಯಲ್ಲಿ ನಾವು ಕುಳಿತು ನೋಡುತ್ತೇವೆ, ಹಾಗಾಗಿ 48ರಿಂದ 50 ಅಂಗುಲ ಹಿತವಾಗಿರುತ್ತದೆ. ನಮ್ಮ ಕಡೆ ಹಿರಿಯರ ಫೋಟೊಗಳನ್ನು ಬಾಗಿಲ ಮೇಲೆ, ಸೂರಿಗೆ ಹತ್ತಿರ ಮುಂದಕ್ಕೆ ಬಾಗಿಸಿ ಹಾಕುವ ರೂಢಿ ಇದೆ. ಹಾರ ಹಾಕುವ ಫೋಟೊಗಳಿಗೆ ಅದು ಇರಲಿ. ಆದರೆ ಗಿರಣಿಯ ಗೇಟಿನ ಮುಂದೆ ತಂದೆ ನಿಂತಿರುವ ಆ ಫೋಟೊ ಮೊಮ್ಮಗುವಿನ ಕಣ್ಣಿಗೆ ಎಟುಕುವಂತೆ ಕೆಳಗೆ ಬರಲಿ.

ಹಿತ್ತಾಳೆ ಭಾರದ ಲೋಹ, ಆದ್ದರಿಂದ ಹಲಗೆ ಕೂರಿಸುವಾಗ ಅವಸರ ಬೇಡ. ಪ್ಲಾಸ್ಟರಿನ ದಪ್ಪ ಸಾಮಾನ್ಯವಾಗಿ 12 ಮಿಲಿಮೀಟರ್ ಆಸುಪಾಸು ಇರುತ್ತದೆ; ಅಷ್ಟಕ್ಕೇ ಹೊಡೆದ ಮೊಳೆ ಇಂದಲ್ಲ ನಾಳೆ ಕಳಚುತ್ತದೆ. ಸ್ಕ್ರೂ ಮತ್ತು ಪ್ಲಗ್ ಪ್ಲಾಸ್ಟರ್ ದಾಟಿ ಇಟ್ಟಿಗೆಯೊಳಗೆ ಕನಿಷ್ಠ 40 ಮಿಲಿಮೀಟರ್ ಇಳಿಯಬೇಕು. ಸಿಮೆಂಟಿನ ಟೊಳ್ಳು ಬ್ಲಾಕಿನ ಗೋಡೆಯಾದರೆ ಸಾದಾ ಪ್ಲಗ್ ಹಿಡಿಯುವುದಿಲ್ಲ, ಅದಕ್ಕೆಂದೇ ಮಾಡಿದ ಆ್ಯಂಕರ್ ಬೇಕು. ಚಿತ್ರದುರ್ಗದ ಕಲ್ಲುಮಣ್ಣಿನ ಗೋಡೆಯವರು ಡ್ರಿಲ್ ಮುಟ್ಟಲೇಬಾರದು. ತೊಲೆಗೆ ಮರದ ಪಟ್ಟಿ ಕೂರಿಸಿ ಅಲ್ಲಿಂದ ಸರಪಳಿಯಲ್ಲಿ ಇಳಿಬಿಡುವುದು ಸುರಕ್ಷಿತ. ಹಲಗೆಯ ಮುಂದಿನ ಅಂಚಿಗೆ ಅರ್ಧ ಅಂಗುಲದ ತಡೆಪಟ್ಟಿ ಇರಲಿ.

ಬೆಳಕಿನ ಬಗ್ಗೆ ಒಂದು ಮಾತು. ನಮ್ಮ ಮನೆಗಳಲ್ಲಿ ಬೆಳ್ಳಗೆ ನೀಲಿ ಸುರಿಯುವ 6500 ಕೆಲ್ವಿನ್‌ನ ಎಲ್‌ಇಡಿ ಪಟ್ಟಿಗಳೇ ಹೆಚ್ಚು. ಆ ಬೆಳಕಿನಲ್ಲಿ ಹಿತ್ತಾಳೆ ಹಸಿರು ಮಿಶ್ರಿತ ಬೂದಾಗಿ, ಮರ ಸತ್ತಂತೆ ಕಾಣುತ್ತದೆ. ಆ ಗೋಡೆಗೆ ಮಾತ್ರ 3000 ಕೆಲ್ವಿನ್‌ನ ವಾರ್ಮ್ ವೈಟ್ ದೀಪ ಎರಡು ಹಾಕಿಸಿ, ಡಬ್ಬಿಯ ಮೇಲೆ ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆಂಬ ಅಳತೆಯಾದ ಸಿಆರ್‌ಐ 90 ಅಥವಾ ಹೆಚ್ಚು ಎಂದಿರುವುದನ್ನು ನೋಡಿ ಕೊಳ್ಳಿ. ಗೋಡೆ ಬಿಳಿಯೇ ಇರಬೇಕೆಂದಿಲ್ಲ. ಮಗ ಬಿಳಿ ಬಯಸಿದರೆ ಉಳಿದ ಮೂರಕ್ಕೆ ಬಳಿಯಲಿ, ಈ ಗೋಡೆಗೆ ಹೊಳಪಿಲ್ಲದ ಕೆಮ್ಮಣ್ಣಿನ ಬಣ್ಣ ಕೊಟ್ಟು ನೋಡಿ. ಬಾಬಿನ್‌ನ ತೆಳು ಮರವೂ ಹಿತ್ತಾಳೆಯೂ ಅದರ ಮುಂದೆ ಜೀವ ತಳೆಯುತ್ತವೆ.

ಬಾಬಿನ್‌ಗಳ ಬಗ್ಗೆ ನಾನು ಸ್ವಲ್ಪ ಹೆಚ್ಚು ಬರೆಯುತ್ತೇನೆ, ಏಕೆಂದರೆ ನಿಮ್ಮ ಸಂಗ್ರಹದ ಹೃದಯ ಅವೇ. ಇಲ್ಲಿನ ಗಿರಣಿಗಳಿಂದಾಗಿಯೇ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂತು, ಆದರೆ ಆ ಹೆಸರಿನ ಹಿಂದಿದ್ದ ಕೈಗಳ ಗುರುತು ಉಳಿದಿರುವುದು ಇಂಥ ವಸ್ತುಗಳಲ್ಲಿ. ಒಂದನ್ನು ಕೈಗೆತ್ತಿಕೊಂಡು ಕಿಟಕಿಯ ಬಳಿ ತಿರುಗಿಸಿ ನೋಡಿ. ಬುಡದಲ್ಲಿ ಲೋಹದ ಉಂಗುರಗಳು, ಮೈಮೇಲೆ ನೂಲು ಜಾರದಿರಲೆಂದು ಕೊರೆದ ಸಣ್ಣ ಗೆರೆಗಳು, ಲಕ್ಷ ಸಲ ನೂಲು ಸುತ್ತಿ ಬಿಚ್ಚಿದ್ದಕ್ಕೆ ನಡುವೆ ಬಂದಿರುವ ನುಣುಪು, ಎಣ್ಣೆ ಹಿಡಿದು ಕಪ್ಪಾದ ತುದಿ. ಆ ಕಪ್ಪನ್ನು ಕೊಳೆಯೆಂದು ಮರಳು ಕಾಗದದಿಂದ ಉಜ್ಜಬೇಡಿ, ವಾರ್ನಿಷ್ ಬಳಿಯಬೇಡಿ. ಒಣ ಹತ್ತಿಬಟ್ಟೆಯಿಂದ ಒರೆಸಿದರೆ ಸಾಕು. ಅವುಗಳನ್ನು ಇಡುವ ಬಗೆಯೂ ಮುಖ್ಯ: ಮೂರು ಇಲ್ಲಿ, ಎರಡು ಅಲ್ಲಿ ಎಂದು ಹರಡಿದರೆ ಮರದ ತುಂಡುಗಳಂತೆ ಕಾಣುತ್ತವೆ, ಎರಡೂವರೆ ಅಡಿಯ ಮರದ ಪಟ್ಟಿಗೆ ಗೂಟಗಳನ್ನು ಕೂರಿಸಿ ಇಪ್ಪತ್ತನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಗಿರಣಿಯಲ್ಲಿ ಸಾಲಾಗಿ ನಿಂತಿದ್ದ ಹಾಗೆಯೇ ನಿಲ್ಲುತ್ತವೆ. ಲಾಳಿಯನ್ನು ಆ ಸಾಲಿನ ಕೆಳಗೆ ಅಡ್ಡಲಾಗಿ ಇಡಿ. ಯಾವುದಾದರೂ ಬಾಬಿನ್‌ನ ಕೆಳಗೆ ರವೆಯಂಥ ಪುಡಿ ಉದುರಿದ್ದರೆ ಒಳಗೆ ಹುಳುವಿದೆ ಎಂದರ್ಥ; ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಫ್ರಿಜ್ಜಿನ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ, ಹೊರತೆಗೆದ ಮೇಲೆ ಚೀಲವನ್ನು ಒಂದು ದಿನ ಬಿಚ್ಚಬೇಡಿ.

ಸೇರು, ಪಾವು, ಚಟಾಕುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಒಂದೇ ಸಾಲಿನಲ್ಲಿ ಇಟ್ಟರೆ ಅದೊಂದು ಪಾಠವಾಗುತ್ತದೆ. ದೇಶಕ್ಕೆಲ್ಲ ಒಂದೇ ಮೆಟ್ರಿಕ್ ಅಳತೆ ತರುವ ಕಾಯ್ದೆ ಆದದ್ದು 1956ರಲ್ಲಿ. ನಿಮ್ಮ ಅಜ್ಜಿ ಅದಕ್ಕೂ ಮುಂಚಿನ ಲೆಕ್ಕದಲ್ಲಿ ರಾಗಿ ಅಳೆದವರು. ಹಬ್ಬಕ್ಕೊಮ್ಮೆ ಹುಣಸೆಹಣ್ಣು ಹಾಕಿ ಫಳಫಳ ತಿಕ್ಕುವ ಅಭ್ಯಾಸವನ್ನು ಇವುಗಳ ಮಟ್ಟಿಗೆ ದಯವಿಟ್ಟು ಬಿಡಿ. ಹುಣಸೆಯ ಹುಳಿ ಕಿಲುಬಿನ ಪದರವನ್ನು ಕರಗಿಸುತ್ತದೆ, ತಿಕ್ಕುವ ಕೈ ಪ್ರತಿ ಸಲ ಲೋಹದ ಒಂದು ಎಳೆಯನ್ನು ತೆಗೆಯುತ್ತದೆ, ಮೊದಲು ಮಾಸುವುದು ಚುಕ್ಕಿಚುಕ್ಕಿಯಾಗಿ ಕೆತ್ತಿಸಿದ ಹೆಸರು. ಅಡುಗೆಗೆ ಬಳಸದ ಪಾತ್ರೆಗೆ ವರ್ಷಕ್ಕೊಮ್ಮೆ ಸೋಪಿನ ನೀರು, ಕೂಡಲೇ ಒಣ ಬಟ್ಟೆ, ಅಷ್ಟು ಸಾಕು. ಕೊಬ್ಬರಿ ಎಣ್ಣೆ ಸವರಬೇಡಿ, ಧೂಳು ಅಂಟಿ ಕೂರುತ್ತದೆ.

ಚಳ್ಳಕೆರೆಯ ಕಂಬಳಿಯನ್ನು ಗೋಡೆಗೆ ಹಾಕುವ ಆಸೆ ನಿಮಗಿದ್ದರೆ ನಾನು ಬೇಡವೆನ್ನುವುದಿಲ್ಲ, ಆದರೆ ವರ್ಷಕ್ಕೆ ಒಂದು ಸರದಿ ಮಾತ್ರ. ಕುರಿಯ ಉಣ್ಣೆ ನುಸಿಹುಳುವಿಗೆ ಆಹಾರ, ನೇಯುವಾಗ ನೂಲು ಬಿಗಿಯಾಗಲೆಂದು ಹುಣಸೆಬೀಜದ ಗಂಜಿ ಹಚ್ಚಿರುವುದರಿಂದ ಬೇರೆ ಹುಳುಗಳಿಗೂ ಅದು ಪ್ರಿಯ. ಮೊಳೆ ಹೊಡೆದು ತೂಗುಹಾಕಿದರೆ ತನ್ನ ತೂಕಕ್ಕೆ ತಾನೇ ಹರಿಯುತ್ತದೆ. ಹಿಂಬದಿಯ ಮೇಲಂಚಿಗೆ ಉದ್ದಕ್ಕೂ ಹತ್ತಿಬಟ್ಟೆಯ ಕೊಳವೆ ಹೊಲಿಸಿ ಅದರೊಳಗೆ ಬಿದಿರ ಗಳ ತೂರಿಸಿ. ಮಡಿಸಿಟ್ಟ ಕಾಲದಲ್ಲೂ ಮೂರು ತಿಂಗಳಿಗೊಮ್ಮೆ ಕೊಡವಿ, ಎಳೆಬಿಸಿಲಿಗೆ ಸ್ವಲ್ಪ ಹೊತ್ತು ಹರವಿ, ಮಡಿಕೆಯ ಜಾಗ ಬದಲಿಸಿ ಇಡಿ. ಫೋಟೊಗಳ ವಿಷಯದಲ್ಲಿ ಎರಡೇ ಎಚ್ಚರ: ಚಿತ್ರ ಗಾಜಿಗೆ ತಾಗಬಾರದು, ನಡುವೆ ದಪ್ಪ ಕಾಗದದ ಮೌಂಟ್ ಇರಲಿ; ಕಟ್ಟಿನ ಹಿಂದೆ ದಿನಪತ್ರಿಕೆಯ ಹಾಳೆ ತುಂಬಿದ್ದರೆ ತೆಗೆಸಿ, ಅದರ ಆಮ್ಲ ಚಿತ್ರವನ್ನು ಹಳದಿ ಮಾಡುತ್ತದೆ.

ನಾಣ್ಯಗಳನ್ನು ಮಾತ್ರ ಈ ಗೋಡೆಯಿಂದ ಹೊರಗಿಡಿ. ನೂರು ವರ್ಷ ಮೀರಿದ ನಾಣ್ಯಗಳು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ಪರವಾನಗಿಯಿಲ್ಲದೆ ಪುರಾವಸ್ತುಗಳ ವ್ಯಾಪಾರ ಮಾಡುವಂತಿಲ್ಲ, ನೆಲದಲ್ಲಿ ಸಿಕ್ಕ ಹಳೆಯ ವಸ್ತುಗಳ ವಿಷಯವನ್ನು ಸರ್ಕಾರಕ್ಕೆ ತಿಳಿಸುವ ಹೊಣೆಯೂ ಇದೆ. ನಮ್ಮ ಸೀಮೆಯಲ್ಲಿ ಇದು ಹಗುರವಾದ ಮಾತಲ್ಲ. ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯಲ್ಲಿ ಪುರಾತತ್ವಜ್ಞರಾದ ಎಂ.ಎಚ್. ಕೃಷ್ಣ ಅವರು 1929ರಲ್ಲಿ, ಮಾರ್ಟಿಮರ್ ವೀಲರ್ ಅವರು 1947ರಲ್ಲಿ ಉತ್ಖನನ ನಡೆಸಿದಾಗ ಶಾತವಾಹನರ ನಾಣ್ಯಗಳೂ ರೋಮಿನ ನಾಣ್ಯಗಳೂ ಸಿಕ್ಕವು; ಈ ಮಣ್ಣಿನ ಚರಿತ್ರೆ ತಿಳಿದದ್ದೇ ಅಂಥ ತುಣುಕುಗಳಿಂದ. ನಿಮ್ಮವು ಎಷ್ಟು ಹಳೆಯವು ಎಂದು ನೋಡದೆ ಹೇಳಲಾಗದು. ತಿಕ್ಕಬೇಡಿ, ತೊಳೆಯಬೇಡಿ, ಒಂದೊಂದನ್ನೂ ಕಾಗದದಲ್ಲಿ ಸುತ್ತಿ, ಯಾವ ಊರಿನ ಯಾವ ಹೊಲ ಎಂದು ಬರೆದುಕೊಂಡು, ಚಿತ್ರದುರ್ಗದ ರಂಗಯ್ಯನ ಬಾಗಿಲಿನಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ ತೋರಿಸಿ.

ಕೊನೆಗೆ ನಿಮ್ಮ ಪತ್ರದಲ್ಲಿ ಇಲ್ಲದ, ಆದರೆ ನನಗೆ ಬಹಳ ಮುಖ್ಯವೆನಿಸುವ ಒಂದು ವಿಷಯ: ಧೂಳು. ಇದು ಒಣ ಸೀಮೆ, ಗಾಳಿ ಬಿಟ್ಟಿತೆಂದರೆ ಒಂದೇ ಮಧ್ಯಾಹ್ನದಲ್ಲಿ ಹಲಗೆಯ ಮೇಲೆ ಬೆರಳಿನಿಂದ ಹೆಸರು ಬರೆಯಬಹುದು. ಮಂಡಕ್ಕಿ ಭಟ್ಟಿಗಳ ಕಡೆಯ ಮನೆಗಳಲ್ಲಿ ಅದರೊಂದಿಗೆ ಅಂಟುಮಸಿಯೂ ಸೇರುತ್ತದೆ. ನಿಮ್ಮ ಸಂಗ್ರಹದ ಧೂಳನ್ನು ಇಷ್ಟು ವರ್ಷ ಯಾರು ಒರೆಸಿದರು? ನಾನು ಕಂಡ ಹೆಚ್ಚಿನ ಮನೆಗಳಲ್ಲಿ ಕೂಡಿಡುವವರು ಗಂಡಸರು, ಒರೆಸುವವರು ಹೆಂಗಸರು. ಸೊಸೆ ಎಲ್ಲವನ್ನೂ ಅಟ್ಟಕ್ಕೆ ಹಾಕೋಣ ಎನ್ನುವಾಗ ಅದರಲ್ಲಿ ಈ ದುಡಿಮೆಯ ಭಯವೂ ಇರಬಹುದು, ಮತ್ತು ಆ ಭಯ ನ್ಯಾಯವಾದದ್ದು. ಮೆತ್ತನೆಯ ಬ್ರಷ್ ಒಂದು ಕೊಂಡುಕೊಳ್ಳಿ, ಭಾನುವಾರ ಬೆಳಿಗ್ಗೆ ಮುಕ್ಕಾಲು ಗಂಟೆ ಆ ಗೋಡೆಯನ್ನು ನೀವೇ ಶುಚಿ ಮಾಡುತ್ತೇನೆಂದು ಮೊದಲು ಹೇಳಿ, ಆಮೇಲೆ ಬಾಬಿನ್‌ಗಳ ಮಾತೆತ್ತಿ. ಆ ಮುಕ್ಕಾಲು ಗಂಟೆಯಲ್ಲಿ ಒರೆಸಲು ಆಗುವಷ್ಟೇ ವಸ್ತುಗಳು ಒಂದು ಸರದಿಗೆ ಹೊರಗಿರಲಿ. ಎಷ್ಟು ಇಡಬೇಕೆಂಬ ಪ್ರಶ್ನೆಗೆ ನನ್ನ ಅಳತೆ ಅದು.

ಈ ಕೆಲಸವನ್ನು ಹಲಗೆಯಿಂದ ಆರಂಭಿಸಬೇಡಿ, ಒಂದು ನೋಟ್‌ಬುಕ್ಕಿನಿಂದ ಆರಂಭಿಸಿ. ವಸ್ತುಸಂಗ್ರಹಾಲಯಗಳಲ್ಲಿ ಮಾಡುವಂತೆ ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಕೊಟ್ಟು, ಅದು ಯಾರದು, ಎಲ್ಲಿಂದ ಬಂತು, ಯಾವ ವರ್ಷ ಎಂದು ಎರಡು ಸಾಲು ಬರೆದು, ಅದೇ ಸಂಖ್ಯೆಯ ಚೀಟಿಯನ್ನು ಹತ್ತಿ ದಾರದಿಂದ ವಸ್ತುವಿಗೆ ಕಟ್ಟಿ. ನೀವು ಹೇಳುತ್ತಾ ಹೋಗಿ, ಸೊಸೆ ಅಥವಾ ಮಗ ಬರೆಯಲಿ. ಏನೂ ಹೇಳಲು ತೋಚದ ವಸ್ತುಗಳೂ ಕೆಲವು ಸಿಗುತ್ತವೆ, ಯಾವುದೋ ಸಮಾರಂಭದಲ್ಲಿ ಕೊಟ್ಟ ಫಲಕ, ಯಾರೋ ತಂದ ಪ್ಲಾಸ್ಟಿಕ್ ಹೂವು. ಅವನ್ನು ಕೊಟ್ಟುಬಿಡಲು ಆಗ ನಿಮಗೇ ಕೈ ಬರುತ್ತದೆ. ಮೊದಲ ಪುಟದಲ್ಲಿ ಒಂದನೆಯ ಸಂಖ್ಯೆಯನ್ನು ತಂದೆಯ ಲಾಳಿಗೆ ಕೊಡಿ, ಅವರು ಅದನ್ನು ಮನೆಗೆ ತಂದ ದಿನ ಏನು ಹೇಳಿದರೆಂದು ನಿಮಗೆ ನೆನಪಿದ್ದರೆ ಅದನ್ನೂ ಅವರ ಮಾತಿನಲ್ಲೇ ಬರೆಸಿ.